ರೊಟ್ಟಿ ಬುಟ್ಟಿಗೆ ಕೇಕ್ ಹಾಕಿದ ದಿನ

ಮೂರು ವರ್ಷದ ಹಿಂದೆ ಬೀದರಿನ ಒಂದು ಮಂಟಪದಲ್ಲಿ ನನ್ನ ಮಗಳು ಅಶ್ವಿನಿಯ ನಿಶ್ಚಿತಾರ್ಥ. ಗಂಡಿನವರು ಭಾಲ್ಕಿಯವರು. ಉಂಗುರ ಹಾಕಿದ ಮೇಲೆ ಮೂರು ಪದರಿನ ದೊಡ್ಡ ಕೇಕ್ ಕತ್ತರಿಸಬೇಕೆಂಬುದು ಅವಳ ಒಂದೇ ಆಸೆ. "ಅವ್ವಾ, ಬೇಕರಿಗೆ ಹೇಳಿಬಿಡು" ಎಂದಳು.

ಹೇಳಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಆದರೆ ಚಿಂತೆ ಮಾಡದಿದ್ದರೆ ನನಗೆ ಉಂಡದ್ದು ಸೇರುವುದಿಲ್ಲ. ಬೀಗರು ಮೊಟ್ಟೆ ಮುಟ್ಟದವರು. ಬೇಕರಿಯವರು ಮರೆತು ಮೊಟ್ಟೆ ಹಾಕಿಬಿಟ್ಟರೆ? ಸಂಬಂಧವೇ ಮುರಿದರೆ? "ನಾನೇ ಮಾಡ್ತೇನಿ" ಎಂದೆ.

"ಸಣ್ಣ ಕೇಕ್ ಮಾಡೀದಿ ಖರೆ, ಇಷ್ಟು ದೊಡ್ಡದು ಯಾವಾಗರೆ ಮಾಡೀದೇನು? ಮಂದಿ ಮುಂದ ನನ್ನ ಮರ್ಯಾದಿ ತಗೀಬ್ಯಾಡ" ಎಂದಳು ಅಶ್ವಿನಿ.

"ದಿನಾ ಮೂವತ್ತು ರೊಟ್ಟಿ ಬಡಿಯೋ ಕೈ ಇದು, ಸುಮ್ಕಿರು" ಎಂದು ಬಾಯಿ ಮುಚ್ಚಿಸಿದೆ.

ಬೀದರಿನ ಚಿದ್ರಿಯಲ್ಲಿ ನಮ್ಮ ಪಕ್ಕದ ಮನೆಯ ಶಾಹಿನ್ ಆಪಾ ಅವರ ದೊಡ್ಡ ಓವನ್ನಿನಲ್ಲಿ ಬೆಳಿಗ್ಗೆಯೇ ಮೂರು ಪದರು ಬೇಯಿಸಿದೆ. ಒಂದೊಂದೂ ಹಿಟ್ಟು ನಾದುವ ಪರಾತದಷ್ಟು ಅಗಲ. "ಪೂರಾ ಠಂಡಾ ಆಗ್ಲಿರಿ, ಜಲ್ದಿ ಮಾಡಬ್ಯಾಡ್ರಿ" ಎಂದು ಹೇಳಿ ಆಪಾ ತಯಾರಾಗಲು ಒಳಗೆ ಹೋದರು. ನನಗೆ ಇನ್ನೊಂದು ಚಿಂತೆ ಹತ್ತಿತು, ಒಣಗಿದರೆ? ಬಿಸಿ ರೊಟ್ಟಿಗೆ ಮಾಡುವುದನ್ನೇ ಮಾಡಿದೆ. ಬುಟ್ಟಿಯಲ್ಲಿ ಬಟ್ಟೆ ಹಾಸಿ, ಒಂದರ ಮೇಲೊಂದು ಪೇರಿಸಿ ಮುಚ್ಚಿದೆ, ಮೆತ್ತಗಿರಲಿ ಎಂದು.

ಮೆತ್ತಗೇನೋ ಇದ್ದವು. ಮಂಟಪದ ಅಡುಗೆಮನೆಯಲ್ಲಿ ಬಟ್ಟೆ ತೆಗೆದರೆ ಮೂರೂ ಬೆವತು ಒಂದಕ್ಕೊಂದು ಅಂಟಿಕೊಂಡಿದ್ದವು. ಮೇಲಿನದನ್ನು ಎರಡೂ ಅಂಗೈಯಲ್ಲಿ ಎತ್ತಿದೆ. ನಡುಭಾಗ ಬುಟ್ಟಿಯಲ್ಲೇ ಉಳಿಯಿತು.

"ಯಾ ಅಲ್ಲಾ! ಬುಟ್ಟ್ಯಾಗ ಮುಚ್ಚಿಟ್ಟೀರಿ? ಇದೇನ್ ಜ್ವಾಳದ ರೊಟ್ಟಿ ಏನ್ರಿ?" ಆಪಾ ತಲೆ ಹಿಡಿದುಕೊಂಡರು.

ಚೂರುಗಳನ್ನು ಜೋಡಿಸಿ, ಹೋಳಿಗೆಗೆ ಹೂರಣ ತುಂಬುವ ಧಾರಾಳದಲ್ಲಿ ನಡುವೆ ಅನಾನಸ್ ಜಾಮ್ ತುಂಬಿದೆ, ಅಂಚಿನವರೆಗೂ. ಮೇಲೆ ಕ್ರೀಮ್ ಬಳಿದೆ. ನೋಡಲು ಚಂದವೇ ಕಂಡಿತು. ಅಶ್ವಿನಿ ಚಾಕು ಒತ್ತಿದಳು. ಮೇಲಿನ ಪದರು ಜಾಮಿನ ಮೇಲೆ ನಿಧಾನವಾಗಿ ಜಾರಿ ಬಂದು ಅವಳ ಹಸಿರು ಸೀರೆಯ ಮೇಲೆ ಬಿತ್ತು. ಎಲ್ಲರ ಕೈಯಲ್ಲೂ ಮೊಬೈಲ್. "ಇರ್ಲಿ ಬಿಡ್ರಿ, ರುಚಿ ಛಲೋ ಅದ" ಎಂದರು ಬೀಗಿತ್ತಿ. ಅವರು ಇನ್ನೂ ಬಾಯಿಗೆ ಹಾಕಿಕೊಂಡಿರಲಿಲ್ಲ.

ಮಗಳು ಸೀರೆ ಒರೆಸಿಕೊಳ್ಳುತ್ತ ಇಷ್ಟೇ ಅಂದಳು: "ಒಂದ ಮಾತು ಕೇಳಿದ್ದೆ ಅವ್ವಾ."

ನಾನು ಹೆದರಿದಂತೆ ಸಂಬಂಧವೇನೂ ಮುರಿಯಲಿಲ್ಲ. ಆಮೇಲೆ ಆಪಾ ಮುಂದೆ ಕೂತು ಎಲ್ಲ ಕಲಿತೆ. ಪದರುಗಳನ್ನು ಬೇರೆ ಬೇರೆಯಾಗಿ ತಣಿಸಿ, ಫ್ರಿಜ್ಜಿನಲ್ಲಿ ಗಟ್ಟಿಯಾಗಲು ಬಿಡಬೇಕು. ಕೈಯಿಂದ ಎತ್ತದೆ ಕೆಳಗೆ ತೆಳ್ಳನೆಯ ರಟ್ಟು ತೂರಿಸಿ ಜಾರಿಸಬೇಕು. ಜಾಮ್ ತುಂಬುವ ಮೊದಲು ಅಂಚಿಗೆ ಕ್ರೀಮಿನ ಕಟ್ಟೆ ಕಟ್ಟಬೇಕು. ಈಗ ಎಷ್ಟು ದೊಡ್ಡ ಪದರೂ ನನ್ನ ಕೈಯಲ್ಲಿ ಮುರಿಯುವುದಿಲ್ಲ.

ಹೋದ ತಿಂಗಳು ಮೊಮ್ಮಗನ ಮೊದಲ ಹುಟ್ಟುಹಬ್ಬ. ಮಗಳ ಫೋನ್ ಬರುವ ಮೊದಲೇ ಮೈದಾ ಜರಡಿ ಹಿಡಿದಿಟ್ಟಿದ್ದೆ. "ಅವ್ವಾ, ನೀ ಬರೇ ಬಾ. ಏನೂ ತರಬ್ಯಾಡ" ಎಂದಳು, ಬಹಳ ಪ್ರೀತಿಯಿಂದ.

ಭಾಲ್ಕಿಗೆ ಬರಿಗೈಲಿ ಹೋದೆ. ಬೇಕರಿಯ ಕೇಕ್ ಕತ್ತರಿಸಿದಾಗ ಎಲ್ಲರ ಜತೆ ಚಪ್ಪಾಳೆ ತಟ್ಟಿದೆ. ಒಂದು ಪದರೂ ಅಲುಗಲಿಲ್ಲ. ಸ್ವಲ್ಪವಾದರೂ ಅಲುಗಬಾರದಿತ್ತೇ ಎಂದು ಒಂದು ಗಳಿಗೆ ಅನಿಸಿತಲ್ಲ, ಆ ನಾಚಿಕೆ ಇನ್ನೂ ಹೋಗಿಲ್ಲ.