ಚಳಿಗೆ ಮಂದವಾದ ಆಯಿಲ್

ಗಂಡ ತೀರಿಕೊಂಡ ಮೇಲೆ ಅವನ ವ್ಯಾನು ಓಡಿಸಲು ಕಲಿತು, ಅದರಲ್ಲೇ ಮನೆ ನಡೆಸಿದವಳು ವ್ಯಾನಕ್ಕ. ಬೀದಿಯ ಸಾಮಾನು, ಬಾಣಂತಿಯರು, ಕಾಲು ಮುರಿದವರು, ಎಲ್ಲ ಅವಳ ವ್ಯಾನಿನಲ್ಲೇ. ಹಾಗಿರುವಾಗ ಸ್ವಂತ ನಾದಿನಿಗೇ ಕಣ್ಣಿನ ಪೊರೆ ತೆಗೆಸುವ ದಿನ ಬಂತು. ಆಸ್ಪತ್ರೆ ದೂರದ ಪಟ್ಟಣದಲ್ಲಿ. ಹೊತ್ತಿಗೆ ಸರಿಯಾಗಿ ಹೋಗದಿದ್ದರೆ ಸರದಿ ತಪ್ಪಿತು, ಮತ್ತೆ ಕರೆಯುವುದು ಯಾವ ಕಾಲಕ್ಕೋ. ನಾದಿನಿಗೆ ಆಗಲೇ ಬಾಗಿಲು ಯಾವುದು, ಗೋಡೆ ಯಾವುದು ತಿಳಿಯುತ್ತಿರಲಿಲ್ಲ.

ದಾರಿಯಲ್ಲಿ ಗಾಡಿ ಕೈಕೊಡಬಾರದೆಂದು ವ್ಯಾನಕ್ಕ ಹಿಂದಿನ ದಿನವೇ ಇಂಜಿನ್ನಿನ ಹಳೇ ಆಯಿಲ್ ಇಳಿಸಿ, ಅಂಗಡಿಯಲ್ಲಿದ್ದುದರಲ್ಲೇ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ತಂದು ಸುರಿದಳು. ಗಂಜಿ ಗಟ್ಟಿಯಾದಷ್ಟೂ ಹೊಟ್ಟೆಯಲ್ಲಿ ನಿಲ್ಲುತ್ತದೆ, ಇದೂ ಹಾಗೇ ಎಂದು ಅವಳ ಲೆಕ್ಕ.

ಬೆಳಿಗ್ಗೆ ಮೈ ಕೊರೆಯುವ ಚಳಿ. ಕೀಲಿ ತಿರುಗಿಸಿದರೆ ಇಂಜಿನ್ನು ನರಳಿ ನರಳಿ ಎದ್ದು, ಡಬ್ಬದಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದ ಹಾಗೆ ಸದ್ದು ಮಾಡಿತು. ಆಯಿಲ್ಲಿನ ಕೆಂಪು ದೀಪ ಆರಲೇ ಇಲ್ಲ.

“ಆಫ್ ಮಾಡಕ್ಕಾ! ಆಫ್ ಮಾಡು!” ಹಲ್ಲುಜ್ಜುತ್ತಿದ್ದ ಎದುರುಮನೆ ಮೆಕ್ಯಾನಿಕ್ಕು ಬಾಯಿತುಂಬ ನೊರೆ ಇಟ್ಟುಕೊಂಡೇ ಓಡಿಬಂದ. ವ್ಯಾನಕ್ಕ ಆಫ್ ಮಾಡುತ್ತಲೇ ಆಯಿಲ್ಲಿನ ಅಳತೆ ಕಡ್ಡಿ ಎಳೆದು ನೋಡಿದ. ತುದಿಯ ಹನಿ ಬೀಳಲೋ ಬೇಡವೋ ಎಂದು ನೇತಾಡುತ್ತಿತ್ತು.

“ಏನಕ್ಕಾ ಇದು, ಬೆಲ್ಲದ ಪಾಕ ಹುಯ್ದಿದೀಯಾ?”

“ಗಟ್ಟಿಯಿದ್ರೆ ಒಳ್ಳೇದಲ್ವೇನೋ?”

“ಕಾದಮೇಲೆ ಸರಿ. ಬಿಸಿಗೆ ಎಲ್ಲ ಆಯಿಲೂ ತೆಳ್ಳಗಾಗುತ್ತೆ, ಆಗ ಇದು ಚೂರು ಮಂದವಾಗಿ ನಿಲ್ಲುತ್ತೆ. ಈ ಚಳೀಲಿ ಮಾತ್ರ ತಳ ಬಿಟ್ಟು ಮೇಲಕ್ಕೇ ಏರಲ್ಲ. ಮೇಲೆ ಕಬ್ಬಿಣಕ್ಕೆ ಕಬ್ಬಿಣ ಒಣಗಿ ಉಜ್ತಿತ್ತು. ಇನ್ನು ಸ್ವಲ್ಪ ಹೊತ್ತು ಓಡಿಸಿದ್ರೆ ಇಂಜಿನ್ನು ಮಣ್ಣುಪಾಲು.”

ವ್ಯಾನಕ್ಕ ಕೀಲಿ ಕಿತ್ತುಕೊಂಡು ಕೆಳಗಿಳಿದಳು.

ಅವನು ತನ್ನ ಮನೆಯಿಂದ ಬೇರೆ ಡಬ್ಬಿ ತಂದ. “ಇದು ಚಳೀಲೂ ಹರಿಯುತ್ತೆ, ಕಾದ್ರೂ ತೀರಾ ನೀರಾಗಲ್ಲ.” ಆದರೆ ತಳದ ಬೋಲ್ಟು ಬಿಚ್ಚಿದರೆ ಒಳಗಿನದು ನೂಲಿನಂತೆ ಇಳಿಯತೊಡಗಿತು. ಹೀಗಾದರೆ ಮಧ್ಯಾಹ್ನವಾಗುತ್ತದೆ ಎಂದು ಬೋಲ್ಟು ಮತ್ತೆ ಬಿಗಿದು, ಬಿಸಿನೀರು ಕೇಳಿದ. ಬೀದಿಯ ಮನೆಮನೆಯಿಂದ ಪಾತ್ರೆ ಬಂತು. ಗೋಣಿಚೀಲ ಅದ್ದಿ ಅದ್ದಿ ಇಂಜಿನ್ನಿನ ತಳಕ್ಕೆ ಒತ್ತಿದರು. ನಾದಿನಿಯೂ ಗೋಡೆ ಸವರಿಕೊಂಡು ಬಂದಳು, ಕೈಯಲ್ಲಿ ತನ್ನ ಸ್ನಾನದ ನೀರು.

“ತಗೊಳ್ಳಿ ಅತ್ತಿಗೆ, ಮೊದಲು ನಿಮ್ಮ ಮುದ್ದಿನ ಮಗಳು ಈ ವ್ಯಾನಿಗೇ ಸ್ನಾನ ಆಗ್ಲಿ. ನಾನು ಹೀಗೇ ಬರ್ತೀನಿ. ಡಾಕ್ಟರು ನೋಡೋದು ಕಣ್ಣು ತಾನೇ!”

ನಗುತ್ತ ನಗುತ್ತಲೇ ತಳ ಬೆಚ್ಚಗಾಗಿ, ಮತ್ತೆ ಬೋಲ್ಟು ಬಿಚ್ಚಿದರೆ ಆಯಿಲ್ಲು ಧಾರೆಯಾಗಿ ಇಳಿಯಿತು. ಹೊಸದು ಸುರಿದು ಕೀಲಿ ತಿರುಗಿಸಿದರೆ ಕೆಂಪು ದೀಪ ಆರಿತು, ಗಡಗಡ ಸದ್ದೂ ಹೋಯಿತು.

“ನಿನ್ನ ಹೊಟ್ಟೆ ತಣ್ಣಗಿರ್ಲಿ ಕಣೋ ತಮ್ಮಾ,” ಎನ್ನುತ್ತ ವ್ಯಾನಕ್ಕ ನಾದಿನಿಯನ್ನು ಹತ್ತಿಸಿಕೊಂಡಳು.

“ಹೊಟ್ಟೆ ಮಾತು ಆಮೇಲೆ. ಇಂಜಿನ್ನು ಕಾಯೋವರೆಗೆ ಮೆಲ್ಲಗೆ ಹೋಗು.”

ಮೆಲ್ಲಗೇ ಹೋದಳು. ದಾರಿಯುದ್ದಕ್ಕೂ ಪಾತ್ರೆ ತಂದ ಒಬ್ಬೊಬ್ಬರನ್ನೂ ನೆನೆದಳು. ಸರದಿ ಕೂಗುವ ಹೊತ್ತಿಗೆ ನಾದಿನಿ ಆಸ್ಪತ್ರೆಯ ಬಾಗಿಲಲ್ಲಿದ್ದಳು.

ಮರುದಿನ ಪಟ್ಟಿ ಬಿಚ್ಚಿದಾಗ ನಾದಿನಿ ರೆಪ್ಪೆ ಬಡಿದು ಬಡಿದು, ವ್ಯಾನಕ್ಕನ ಕೈ ಹಿಡಿದು ನೋಡಿದಳು.

“ಅಯ್ಯೋ ಅತ್ತಿಗೆ, ಉಗುರು ಸಂದೀಲಿ ಎಷ್ಟು ಕಪ್ಪು! ತೊಳ್ಕೊಂಡು ಬರಬಾರದಾ?”

ಅಷ್ಟು ಸಣ್ಣದೂ ಕಾಣುತ್ತಿದೆಯಲ್ಲ ಎಂದು ವ್ಯಾನಕ್ಕ ಇನ್ನೊಂದು ಕೈಯನ್ನೂ ಮುಂದೆ ಹಿಡಿದಳು.