ಎರಡನೆಯ ಸಹಿ

ಫಖ್ರುನ್ನೀಸಾ ಮೇಡಂ ನಾಲ್ಕು ಸಾವಿರಕ್ಕೂ ಹೆಚ್ಚು ಮದುವೆಗಳ ಲಗ್ನಪತ್ರಿಕೆ ಮಾಡಿದವರು. ಅದರಲ್ಲಿ ಎಷ್ಟು ಮದುವೆಗೆ ಹೋಗಿ ಊಟ ಮಾಡಿದ್ದೀರಿ ಎಂದು ಒಮ್ಮೆ ತಮಾಷೆಗೆ ಕೇಳಿದ್ದೆ. "ಮೂರು" ಅಂದರು. ನಾನು ನಕ್ಕೆ. ಅವರು ನಗಲಿಲ್ಲ, ಕೀಬೋರ್ಡಿನ ಮೇಲಿಂದ ಕೈಯನ್ನೂ ತೆಗೆಯಲಿಲ್ಲ.

ನಾನು ಬಾಲರಾಜ್. ಯಶವಂತಪುರದ ಮಾರ್ಕೆಟ್ ಯಾರ್ಡಿನ ಹಿಂದಿನ ಬೀದಿಯಲ್ಲಿ ನನ್ನದೊಂದು ಆಫ್‌ಸೆಟ್ ಪ್ರೆಸ್ಸು. ಆರ್.ಟಿ. ನಗರದಲ್ಲಿ ಅವರದು ಒಂದೇ ಕಂಪ್ಯೂಟರಿನ ಡಿ.ಟಿ.ಪಿ. ಅಂಗಡಿ. ಅವರು ಟೈಪು ಮಾಡಿ ಪುಟ ಕಟ್ಟಿಕೊಡುತ್ತಿದ್ದರು, ನಾನು ಅಚ್ಚು ಹಾಕುತ್ತಿದ್ದೆ. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಹೆಂಡತಿಯಿಂದ ಹಿಡಿದು ಪೇಪರ್ ತಂದು ಹಾಕುವವನವರೆಗೆ ಎಲ್ಲರೂ ಹೇಳುತ್ತಾರೆ. ಇರಬಹುದು. ಆ ಹೆಂಗಸಿನ ಮುಂದೆ ಮಾತ್ರ ಹದಿನೇಳು ವರ್ಷದಲ್ಲಿ ಒಂದು ದಿನವೂ ನನ್ನ ಬೇಳೆ ಬೇಯಲಿಲ್ಲ.

ಅವರ ಮನೆಮಾತು ದಖನಿ ಉರ್ದು. ಅಪ್ಪ ಮೊಯಿನುದ್ದೀನ್ ಸಾಹೇಬರು ಗಡಿಯಾರ ರಿಪೇರಿ ಮಾಡುತ್ತಿದ್ದವರು, ಮಗಳನ್ನು ಕನ್ನಡ ಶಾಲೆಗೆ ಸೇರಿಸಿದರು. ಯಾಕೆ ಅಂದರೆ ಮನೆಗೆ ಹತ್ತಿರ ಇದ್ದದ್ದು ಅದೇ. ಆಮೇಲೆ ಕನ್ನಡ ಟೈಪ್‌ರೈಟಿಂಗಿನಲ್ಲಿ ಸೀನಿಯರ್ ಪಾಸು. ಮದುವೆಯಾಗಿ ಹದಿನಾಲ್ಕು ತಿಂಗಳಿಗೆ ಗಂಡ ತೀರಿಕೊಂಡ. ತವರಿಗೆ ಬಂದವರು ಅಂಗಡಿ ಹಾಕಿದರು, ಅಂಗಡಿಯ ಹಿಂದಿನ ಕೋಣೆಯಲ್ಲಿ ತಾಯಿಯನ್ನು ಇಟ್ಟುಕೊಂಡು ನೋಡಿಕೊಂಡರು. ಎರಡು ಸಾವಿರದ ಎಂಟರಲ್ಲಿ ತಾಯಿಯೂ ಹೋದರು. ಅಲ್ಲಿಂದ ಮುಂದೆ ಆ ಕೋಣೆಯಲ್ಲಿ ಅವರು ಒಬ್ಬರೇ. ಬಾಗಲೂರಿನಲ್ಲಿದ್ದ ತಂಗಿ ಅಫ್ರೀನ್ ಬಂದಾಗಲೆಲ್ಲ ಒಂದೇ ಮಾತು, ಮಹಡಿ ಮೇಲೆ ರೂಮು ಖಾಲಿ ಇದೆ, ಅಂಗಡಿ ಮುಚ್ಚಿ ಬಂದುಬಿಡು ಅಂತ.

"ಹೋಗ್ಬಾರ್ದಾ ಮೇಡಂ? ಜನ ಇರ್ತಾರೆ, ಮಾತುಕತೆ ಇರುತ್ತೆ" ಅಂತ ನಾನೂ ಒಂದು ಸಲ ಅಂದೆ.

"ಅಲ್ಲಿ ಹೋದ್ರೆ ನಾನು ಅಫ್ರೀನ್‌ಳ ಅಕ್ಕ ಅಷ್ಟೇ, ಬಾಲರಾಜ್ ಅವ್ರೆ. ಇಲ್ಲಿ ಫಖ್ರುನ್ನೀಸಾ ಮೇಡಂ ಎಲ್ಲಿದ್ದಾರೆ ಅಂತ ಕೇಳ್ಕೊಂಡು ಜನ ಬರ್ತಾರೆ."

ನಮ್ಮ ಕಸುಬಿನ ಒಂದು ಪದ್ಧತಿ ಹೇಳಬೇಕು. ಹಳೆಯ ಕಾರ್ಡಿನ ಫೈಲಿನ ಮೇಲೆಯೇ ಹೆಸರು, ದಿನ, ಛತ್ರ ಬದಲಾಯಿಸಿ ಹೊಸ ಕಾರ್ಡು ಮಾಡುತ್ತೇವೆ. ಒಂದು ಮನೆಯ ಹಿರಿಯರ ಹೆಸರು, ಮನೆದೇವರು, ಯಾರ ಮುಂದೆ ಯಾರನ್ನು ಹಾಕಬೇಕು ಎಂಬುದೆಲ್ಲ ಅದರಲ್ಲಿ ಇರುತ್ತದೆ. ಅಣ್ಣನ ಕಾರ್ಡು ಮಾಡಿಸಿದವರು ತಂಗಿಯದಕ್ಕೂ ಅಲ್ಲಿಗೇ ಬರುವುದು ಅದಕ್ಕೇ. ಕಾರ್ಡು ಅಚ್ಚಿಗೆ ಹೋಗುವ ಮುಂಚೆ ತಾಳೆ ನೋಡಬೇಕು. ಗಿರಾಕಿ ಬರೆದುಕೊಟ್ಟದ್ದನ್ನು ನಾನು ಗಟ್ಟಿಯಾಗಿ ಓದುವುದು, ಮೇಡಂ ಪ್ರೂಫಿನ ಮೇಲೆ ಬೆರಳಿಟ್ಟು ಪ್ರತಿ ಸಾಲಿಗೂ "ಹೂಂ" ಅನ್ನುವುದು. ಕೊನೆಗೆ ಪ್ರೂಫಿನ ಮೂಲೆಯಲ್ಲಿ ಎರಡು ಗೆರೆ, ಇಬ್ಬರ ಸಹಿ.

ಒಮ್ಮೆ ಆಷಾಢ ಮುಗಿದ ಮೇಲಿನ ಗಡಿಬಿಡಿಯಲ್ಲಿ ನಾನು ಓದದೆ ಸಹಿ ಗೀಚಿದೆ. ಯಲಹಂಕದ ಮುನಿಆಂಜಿನಪ್ಪನವರ ಮನೆಯ ಕಾರ್ಡು. ಅವರಲ್ಲಿ ಆರತಕ್ಷತೆ ಮುಹೂರ್ತದ ಹಿಂದಿನ ಸಂಜೆ. ಆದರೆ ಅದಕ್ಕೆ ಬಳಸಿದ ಹಳೆಯ ಫೈಲು ಬೇರೆ ಮನೆಯದು, ಅವರಲ್ಲಿ ಮುಹೂರ್ತವಾದ ಮೇಲೆ. ಅದು ಹಾಗೇ ಉಳಿದುಕೊಂಡು ಐನೂರು ಕಾರ್ಡು ಅಚ್ಚಾಗಿ, ಅರ್ಧ ಊರಿಗೆ ಹಂಚಿಯೂ ಆಗಿತ್ತು. ಮುನಿಆಂಜಿನಪ್ಪ ಪ್ರೆಸ್ಸಿಗೆ ಬಂದು ನನ್ನ ಜನ್ಮ ಜಾಲಾಡಿದರು. ಮೇಡಂ ತಾವೇ ಮುನಿಆಂಜಿನಪ್ಪನವರ ಮನೆಗೆ ಹೋಗಿ ತಪ್ಪು ತಮ್ಮದು ಎಂದು ಹೇಳಿಕೊಂಡು ಬಂದರು. ನನಗೆ ಹೇಳಿದ್ದು ಒಂದೇ ಮಾತು: "ಇನ್ಮೇಲೆ ಓದ್ದೇ ಇರೋರು ಸಹಿ ಹಾಕೋ ಹಾಗಿಲ್ಲ."

ಎರಡು ಸಾವಿರದ ಹನ್ನೊಂದರ ಏಪ್ರಿಲ್‌ನಲ್ಲಿ ಅವರ ಕಂಪ್ಯೂಟರಿನ ಹಾರ್ಡ್ ಡಿಸ್ಕು ಟಿಕ್ ಟಿಕ್ ಎನ್ನತೊಡಗಿತು. ಹತ್ತು ವರ್ಷದ ಹಿಂದೆ ಜೋಡಿಸಿದ ಯಂತ್ರ. "ಬಿಸಾಕಿ ಹೊಸದು ತಗೊಳ್ಳಿ" ಅಂದೆ. ಹಾಗೆ ಆಗುವಂತಿರಲಿಲ್ಲ. ಅವರ ಕನ್ನಡ ತಂತ್ರಾಂಶ ತೆರೆಯಬೇಕಾದರೆ ಕಂಪ್ಯೂಟರಿನ ಬೆನ್ನಿಗೆ ಒಂದು ಬೆಂಕಿಪೊಟ್ಟಣದಷ್ಟು ದೊಡ್ಡ ಲಾಕು ಸಿಕ್ಕಿಸಬೇಕು. ಅದು ಕೂರುವಂಥ ಕಿಂಡಿ ಹೊಸ ಯಂತ್ರಗಳಲ್ಲಿ ಇಲ್ಲ. ಹೊಸ ಯಂತ್ರದೊಳಗೆ ಅಂಥ ಕಿಂಡಿಯಿರುವ ಬಿಡಿಭಾಗ ಕೂರಿಸಿ ನೋಡಿದ್ದಾಯಿತು, ಲಾಕು ಒಪ್ಪಲಿಲ್ಲ. ಮಾಡಿಕೊಟ್ಟ ಕಂಪೆನಿ ಬಾಗಿಲು ಹಾಕಿ ಯಾವ ಕಾಲವಾಯಿತೋ. ಈ ಯಂತ್ರ ಹೋದರೆ ನಾಲ್ಕು ಸಾವಿರ ಫೈಲುಗಳನ್ನು ತೆರೆಯಲು ಬೇರೆ ದಾರಿಯಿಲ್ಲ. ಫೈಲು ಹೋದರೆ ಅಂಗಡಿ ಹೋಯಿತು, ಅಂಗಡಿ ಹೋದರೆ ಬಾಗಲೂರಿನ ಮಹಡಿ ರೂಮು.

ಸಹಕಾರನಗರದಿಂದ ಬರುತ್ತಿದ್ದ ಮೆಕ್ಯಾನಿಕ್ ಸುರೇಶ್ ಹೊಸ ಡಿಸ್ಕು ತಂದು ಹಾಕಿದ. ನೂರ ಅರವತ್ತು ಜಿಬಿಯದು, ಅದಕ್ಕಿಂತ ಸಣ್ಣದು ಹೊಸದಾಗಿ ಸಿಗುತ್ತಿರಲಿಲ್ಲ. ಕಂಪ್ಯೂಟರು ಅದನ್ನು ಗುರುತೇ ಹಿಡಿಯಲಿಲ್ಲ. ಏನೇನೋ ಪಿನ್ನು ಬದಲಿಸಿ ನೋಡಿ ಸುಸ್ತಾಗಿ ಕೂತ.

"ಅಕ್ಕಾ, ಬೋರ್ಡ್ ಮೇಲೆ ಒಂದು ಚಿಪ್ ಇರುತ್ತೆ. ಸ್ವಿಚ್ ಹಾಕಿದ ತಕ್ಷಣ ಮೊದ್ಲು ಏಳೋದು ಅದು. ಎದ್ದು ಮಿಕ್ಕಿದ್ದನ್ನೆಲ್ಲ ಎಬ್ಬಿಸುತ್ತೆ. ಅದರೊಳಗಿರೋ ಪ್ರೋಗ್ರಾಮೇ ಬಯೋಸ್. ನಿಮ್ಮದು ಬರೆದಾಗ ಇಷ್ಟು ದೊಡ್ಡ ಡಿಸ್ಕೇ ಇರ್ಲಿಲ್ಲ, ಅದಕ್ಕೆ ಗೊತ್ತಾಗ್ತಿಲ್ಲ."

"ಗೊತ್ತಾಗೋ ಹಾಗೆ ಮಾಡೋಕಾಗಲ್ವಾ?"

"ಆಗುತ್ತೆ. ಬೋರ್ಡ್ ಕಂಪೆನಿಯೋರು ಹೊಸ ಫೈಲ್ ಬಿಟ್ಟಿದಾರೆ. ಫ್ಲಾಪಿಯಿಂದ ಓಡಿಸಿದ್ರೆ ಎರಡು ನಿಮಿಷದ ಕೆಲಸ. ಆದ್ರೆ ಆ ಎರಡು ನಿಮಿಷದಲ್ಲಿ ಕರೆಂಟ್ ಹೋದ್ರೆ, ಇಲ್ಲ ಫೈಲ್ ನಿಮ್ಮ ಬೋರ್ಡಿಂದು ಆಗ್ದೆ ಇದ್ರೆ, ಇದು ಮತ್ತೆ ಏಳಲ್ಲ. ನಾನಂತೂ ಕೈ ಹಾಕಲ್ಲ ಅಕ್ಕಾ. ಹೋದ್ರೆ ನನ್ ತಲೆಗೆ ಬರುತ್ತೆ."

ಇನ್ನಿಬ್ಬರು ಮೆಕ್ಯಾನಿಕ್‌ಗಳೂ ಅದನ್ನೇ ಹೇಳಿ ಜಾರಿಕೊಂಡರು. ಹಳೆಯ ಸಾಮಾನಿನ ಅಂಗಡಿಯಿಂದ ಒಂದು ಸಣ್ಣ ಡಿಸ್ಕು ತಂದದ್ದು ಹನ್ನೊಂದು ದಿನಕ್ಕೆ ಕೈಕೊಟ್ಟಿತು. ಫೈಲುಗಳನ್ನೇನೋ ಸಿ.ಡಿ.ಗೆ ಇಳಿಸಿಕೊಂಡಿದ್ದರು, ತೆರೆಯುವ ಯಂತ್ರವೇ ಇಲ್ಲದಿದ್ದರೆ ಸಿ.ಡಿ. ಇಟ್ಟುಕೊಂಡು ಏನು ಮಾಡುವುದು?

ಮೇಡಂ ಮೂರು ವಾರ ಲೆಕ್ಕ ಹಾಕಿದರು. ಗೋಡೆಯ ಕ್ಯಾಲೆಂಡರಿನಲ್ಲಿ ಕರೆಂಟು ಹೋದ ಹೊತ್ತನ್ನೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದರು. ಭಾನುವಾರ ಹನ್ನೊಂದರಿಂದ ಒಂದು ಗಂಟೆಯೊಳಗೆ ಒಮ್ಮೆಯೂ ಹೋಗಿರಲಿಲ್ಲ. ಯು.ಪಿ.ಎಸ್.ಗೆ ಹೊಸ ಬ್ಯಾಟರಿ ಹಾಕಿಸಿದರು. ಕಂಪ್ಯೂಟರಿನ ಡಬ್ಬ ಬಿಚ್ಚಿ, ಭೂತಗನ್ನಡಿ ಹಿಡಿದು, ಬೋರ್ಡಿನ ಮೇಲೆ ಅಚ್ಚಾಗಿದ್ದ ನಂಬರು ಬರೆದುಕೊಂಡರು. ಅದೇ ಹೆಸರಿನ ಬೋರ್ಡು ಮೂರು ಆವೃತ್ತಿಯಲ್ಲಿ ಬಂದಿತ್ತಂತೆ, ಒಂದರ ಫೈಲು ಇನ್ನೊಂದಕ್ಕೆ ಹಾಕಿದರೆ ಕಥೆ ಮುಗಿಯಿತು. ಇಂಗ್ಲಿಷಿನಲ್ಲಿದ್ದ ಸೂಚನೆಗಳನ್ನು ಸುರೇಶನಿಂದ ಕೇಳಿ ತಿಳಿದುಕೊಂಡು ಕನ್ನಡದಲ್ಲಿ ಹತ್ತೊಂಬತ್ತು ಸಾಲು ಟೈಪು ಮಾಡಿದರು. ಕೆಳಗೆ ಮೂಲೆಯಲ್ಲಿ ಎರಡು ಗೆರೆ.

ಆ ಹಾಳೆಯನ್ನು ನನ್ನ ಮುಂದೆ ಇಟ್ಟರು. "ಭಾನುವಾರ ಹನ್ನೊಂದಕ್ಕೆ ಬನ್ನಿ. ನೀವು ಒಂದೊಂದೇ ಸಾಲು ಓದಿ ಹೇಳಿ, ನಾನು ನೋಡಿ ಮಾಡ್ತೀನಿ."

"ನಂಗೇನ್ ಗೊತ್ತು ಮೇಡಂ ಇದೆಲ್ಲ?"

"ಗೊತ್ತಿರ್ಬೇಕಾಗಿಲ್ಲ. ಓದೋಕ್ ಬರುತ್ತಲ್ಲ. ಒಬ್ಬಳೇ ಕೂತು ಮಾಡೋಕೆ ನಂಗೆ ಭಯ ಆಗುತ್ತೆ."

ಅಲ್ಲಿಯವರೆಗೆ ಅವರು ನನ್ನ ಹತ್ತಿರ ಕೆಲಸದ ಹೊರಗೆ ಏನನ್ನೂ ಕೇಳಿದವರಲ್ಲ. ಭಯ ಎಂಬ ಮಾತನ್ನು ಅವರ ಬಾಯಲ್ಲಿ ಕೇಳಿದ್ದೂ ಅದೇ ಮೊದಲು. ಬರುತ್ತೇನೆ ಎಂದು ಒಪ್ಪಿಕೊಂಡು ಬಂದೆ.

ಭಾನುವಾರ ಹತ್ತಕ್ಕೇ ಮನೆಯಿಂದ ಹೊರಟೆ, ಅದು ಸುಳ್ಳಲ್ಲ. ಮೇಖ್ರಿ ಸರ್ಕಲ್‌ನಲ್ಲಿ ಬಸ್ಸು ಬದಲಾಯಿಸಲು ಇಳಿದವನು ಒಂದು ಕಾಫಿ ಕುಡಿಯೋಣ ಎಂದು ಹೋಟೆಲಿಗೆ ಹೊಕ್ಕೆ. ಕಾಫಿ ಮುಗಿಯಿತು. ಇನ್ನೊಂದು ಹೇಳಿದೆ. ಆರ್.ಟಿ. ನಗರದ ಬಸ್ಸು ಕಣ್ಣ ಮುಂದೆಯೇ ಬಂತು, ಹೋಯಿತು. ನಾನು ಒಂದು ಸಾಲು ತಪ್ಪಿ ಓದಿ, ಯಂತ್ರ ಹೋಗಿ, ಅವರು ಬಾಗಲೂರಿಗೆ ಗಂಟುಮೂಟೆ ಕಟ್ಟಿದರೆ? ಜನ್ಮ ಇರುವತನಕ ಅದು ನನ್ನ ತಲೆಗೇ ತಾನೇ? ಒಂದು ಗಂಟೆ ತಡವಾಗಿ ಹೋದರೆ ಅಷ್ಟರಲ್ಲಿ ಅವರೇ ಮಾಡಿ ಮುಗಿಸಿರುತ್ತಾರೆ, ಇಲ್ಲ ಬೇಡವೆಂದು ಬಿಟ್ಟಿರುತ್ತಾರೆ ಎಂದುಕೊಂಡೆ. ಮೂರು ಜನ ಮೆಕ್ಯಾನಿಕ್‌ಗಳನ್ನು ಕೈಲಾಗದವರು ಎಂದು ಬಾಯಿಗೆ ಬಂದಂತೆ ಬೈದವನು ನಾನೇ. ಮೂರನೆಯ ಬಸ್ಸು ಬಂದಾಗ ಎದ್ದೆ.

ಅಂಗಡಿ ಮುಟ್ಟಿದಾಗ ಹನ್ನೆರಡೂಕಾಲು. ಷಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋಗಬೇಕೆಂದವನು ಮೇಡಂ ದನಿ ಕೇಳಿ ನಿಂತೆ. ಯಾರೋ ಬಂದಿದ್ದಾರೆ, ಸದ್ಯ, ಎಂದುಕೊಂಡೆ.

"ಬೋರ್ಡಿನ ಆವೃತ್ತಿ, ಒಂದು ಬಿಂದು ಎರಡು."

"ಹೂಂ."

"ಫ್ಲಾಪಿಯಲ್ಲಿರುವ ಫೈಲಿನ ಆವೃತ್ತಿ, ಒಂದು ಬಿಂದು ಎರಡು."

"ಹೂಂ."

ಓದುವ ದನಿ ಅವರದೇ. ಹೂಂಗುಟ್ಟುವ ದನಿಯೂ ಅವರದೇ. ನಾವಿಬ್ಬರು ತಾಳೆ ನೋಡುವಾಗಿನ ಹಾಗೆಯೇ ಎರಡಕ್ಕೂ ನಡುವೆ ಒಂದು ಕ್ಷಣ ಬಿಡುತ್ತಿದ್ದರು. ನನ್ನ ಕೈ ಷಟರಿನ ಮೇಲೆಯೇ ಇತ್ತು, ಎತ್ತುವ ಧೈರ್ಯ ಬರಲಿಲ್ಲ. ಸದ್ದಿಗೆ ಬೆಚ್ಚಿ ಏನಾದರೂ ಒತ್ತಿಬಿಟ್ಟರೆ? ಹದಿನೈದು, ಹದಿನಾರು, ಹದಿನೇಳನೆಯ ಸಾಲು. "ಇನ್ನು ಯಾವುದನ್ನೂ ಮುಟ್ಟಬಾರದು. ಎರಡು ನಿಮಿಷ." "ಹೂಂ." ಆಮೇಲೆ ಫ್ಯಾನಿನ ಸದ್ದು ಬಿಟ್ಟರೆ ಏನಿಲ್ಲ. ಪಕ್ಕದ ಮಹಡಿಯಲ್ಲಿ ಯಾರೋ ನೀರಿನ ಮೋಟರು ಹಾಕಿದರು. ಬೀದಿಯ ಟ್ಯೂಬ್‌ಲೈಟು ಹಗಲಲ್ಲೇ ಉರಿಯುತ್ತಿತ್ತು, ಅದೊಮ್ಮೆ ಮಿಣುಕಿತು. ಆರಲಿಲ್ಲ. ಒಳಗೆ ಮೇಡಂ ಮೆಲ್ಲಗೆ ದುವಾ ಹೇಳಿಕೊಳ್ಳುತ್ತಿದ್ದರು. ಅದನ್ನು ಕದ್ದು ಕೇಳುತ್ತ ನಿಂತ ನಾಚಿಕೆ ನನಗೆ ಇವತ್ತಿಗೂ ಹೋಗಿಲ್ಲ.

ಕೊನೆಗೆ ಒಂದೇ ಒಂದು ಬೀಪ್. ಕಂಪ್ಯೂಟರು ಎದ್ದಿತು.

"ಡಿಸ್ಕು, ನೂರ ಅರವತ್ತು" ಎಂದು ಓದಿದರು. ಸ್ವಲ್ಪ ತಡೆದು, "ಹೂಂ" ಎಂದರು.

ಷಟರ್ ಎತ್ತಿ ಒಳಗೆ ಹೋದೆ. ಅವರ ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿ ಹಾಕಿತ್ತು. ಮುಂದೆ ನನ್ನ ಚಹಾದ ಲೋಟ, ಮೇಲೆ ಮುಚ್ಚಿದ ಸಾಸರು. ಲೋಟ ಮುಟ್ಟಿದರೆ ತಣ್ಣಗಿತ್ತು. ಹನ್ನೆರಡರವರೆಗೆ ಕಾದಿದ್ದಾರೆ. ಒಂದು ಗಂಟೆ ದಾಟಿದರೆ ಕರೆಂಟಿನ ಭರವಸೆ ಇಲ್ಲ ಎಂದು ಒಬ್ಬರೇ ಕೂತಿದ್ದಾರೆ.

"ಬಸ್ ಸಿಗ್ಲಿಲ್ಲ ಮೇಡಂ" ಅಂದೆ.

"ಹೌದಾ" ಅಂದರು. ಬಯ್ಯಲಿಲ್ಲ. ಬಯ್ದಿದ್ದರೆ ನಾನು ಬಚಾವಾಗುತ್ತಿದ್ದೆ.

ಹಾಳೆ ಮೇಜಿನ ಮೇಲಿತ್ತು. ಹತ್ತೊಂಬತ್ತು ಸಾಲಿಗೂ ಪೆನ್ಸಿಲಿನ ಟಿಕ್ಕು. ಮೂಲೆಯ ಮೊದಲ ಗೆರೆಯ ಮೇಲೆ ಅವರ ಸಹಿ. ಎರಡನೆಯದು ಖಾಲಿ. ಏನು ಮಾಡಬೇಕೆಂದು ತಿಳಿಯದೆ ಜೇಬಿನಿಂದ ಪೆನ್ನು ತೆಗೆದೆ. ಅವರು ಹಾಳೆಯನ್ನು ತಮ್ಮ ಕಡೆ ಎಳೆದುಕೊಂಡರು.

"ಬೇಡ ಬಾಲರಾಜ್ ಅವ್ರೆ. ಓದ್ದೇ ಇರೋರು ಸಹಿ ಹಾಕೋ ಹಾಗಿಲ್ಲ."

ಆ ಕಂಪ್ಯೂಟರು ಇನ್ನೂ ಆರು ವರ್ಷ ಓಡಿತು. ಅಷ್ಟೂ ದಿನ ಮೇಡಂ ಬಾಗಲೂರಿಗೆ ಹೋಗಲಿಲ್ಲ. ಕಾರ್ಡುಗಳು ನನ್ನ ಪ್ರೆಸ್ಸಿಗೇ ಬಂದವು, ನಾನು ಹೋದಾಗ ಬಿಸಿ ಚಹಾ ಕೊಟ್ಟರು, ಹೆಂಡತಿಯ ಆರೋಗ್ಯ ಕೇಳಿದರು. ಓದಿ ಹೇಳಿ ಎಂದು ಮಾತ್ರ ಮತ್ತೆ ಕೇಳಲಿಲ್ಲ. ಆ ಭಾನುವಾರ ಕಳೆದು ಮೂರನೆಯ ದಿನ ಒಂದು ನಾಮಕರಣದ ಕಾರ್ಡಿನ ಪ್ರೂಫು ಬಂತು. ಬಿಚ್ಚಿ ನೋಡಿದೆ. ಕೆಳಗೆ ಮೂಲೆಯಲ್ಲಿ ಒಂದೇ ಗೆರೆ ಇತ್ತು.