ಅತ್ತಿಯ ಹೆಸರಿನ ಬಾಟಲಿಗಳು

ಮೊನ್ನೆ ಪುಣೆಯ ವಾಕಡದಲ್ಲಿ ಒಂದು ಮದುವೆಯೂಟ. ಪಕ್ಕದವರು ಎರಡೇ ಗುಟುಕು ನೀರು ಕುಡಿದು ಪ್ಲಾಸ್ಟಿಕ್ ಬಾಟಲಿಯನ್ನು ಕರಕರ ಹಿಚುಕಿ ಮೇಜಿನ ಕೆಳಗೆ ಉರುಳಿಸಿದರು. ಆ ಸದ್ದು ಕೇಳಿದರೆ ನನ್ನ ಮೈ ಉರಿಯುತ್ತದೆ. ಊಟ ಬಿಟ್ಟು ಎದ್ದೆ. ಕಣ್ಣ ಮುಂದೆ ಅತ್ತಿ ನಿಂತಿದ್ದಳು.

ಅತ್ತಿ ಎಂದರೆ ಅಪ್ಪನ ಅಕ್ಕ, ಶಾಂತಕ್ಕ. ಧಾರವಾಡದಿಂದ ಪುಣೆಗೆ ಬಂದ ನಮ್ಮ ಮನೆ ನಡೆದದ್ದೇ ಅವಳು ಮಾಡುತ್ತಿದ್ದ ಕೋಕಂ ಶರಬತ್ತಿನಿಂದ. ಬೇಸಿಗೆಯಿಡೀ ಹಿಂದಿನ ಅಂಗಳದಲ್ಲಿ ಜೀರಿಗೆಯ ಘಮ, ಬಿಸಿನೀರಿನ ಹಬೆ, ಬಿಸಿಲಿಗೆ ಬೋರಲು ಹಾಕಿದ ಗಾಜಿನ ಬಾಟಲಿಗಳು. ನಿಮ್ಮ ನೆನಪಿನಲ್ಲೂ ಅಂಥದೊಂದು ಅಂಗಳ ಇದ್ದೀತು. ಖಾಲಿ ಬಾಟಲಿ ತಾರದವರಿಗೆ ತುಂಬಿದ್ದು ಸಿಗುತ್ತಿರಲಿಲ್ಲ. ತಂದದ್ದನ್ನು ಅತ್ತಿ ಮೂಸಿ ನೋಡುತ್ತಿದ್ದಳು. ಸೀಮೆಎಣ್ಣೆಯ ವಾಸನೆ ಬಂದರೆ ಮುಗಿಯಿತು, "ನಕೋ, ಘೇವೂನ್ ಜಾ" ಎಂದು ಮರಾಠಿಯಲ್ಲೇ ಗದರಿ ವಾಪಸು ಕಳಿಸುತ್ತಿದ್ದಳು. ಗಾಜೇನೂ ಪುಣ್ಯದ ವಸ್ತುವಲ್ಲ. ಕರಗಿಸಲು ಬೆಂಕಿ ಬೇಕು, ತೊಳೆಯಲು ನೀರು ಬೇಕು. ಆದರೆ ನಾನು ಶಾಲೆ ಸೇರಿದಾಗ ಇದ್ದ ಬಾಟಲಿಗಳೇ ಮೆಟ್ರಿಕ್ ಮುಗಿಸಿದಾಗಲೂ ಇದ್ದವು.

ಆ ವರ್ಷ ಅಪ್ಪ ಅವನ್ನೆಲ್ಲ ಗುಜರಿಗೆ ಹಾಕಿ ಪ್ಲಾಸ್ಟಿಕ್ ಬಾಟಲಿ ತಂದ. "ಗಾಜು ಭಾಳ ವಜ್ಜ ಅಕ್ಕಾ, ಹೊರಲಿಕ್ಕೆ ಆಗೂದಿಲ್ಲ, ಒಡೀತಾವ. ಇವನ್ನ ಕುಡದು ಒಗದ್ರ ಮುಗೀತು. ತೊಳಿಯೂದಿಲ್ಲ, ಬೆಳಗೂದಿಲ್ಲ." ಜೊತೆಗೆ ಅತ್ತಿಯ ಹೆಸರು ಅಚ್ಚು ಹಾಕಿಸಿದ ಕೆಂಪು ಚೀಟಿ ಬೇರೆ. ಅತ್ತಿ ರೂಢಿಯಂತೆ ಹೊಸ ಬಾಟಲಿಗಳಿಗೂ ಕುದಿಯುವ ನೀರು ಸುರಿದಳು. ಎಲ್ಲವೂ ಕರಕರ ಎನ್ನುತ್ತ ಸೊಟ್ಟಗಾಗಿ ಮುದುಡಿಕೊಂಡವು. ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಆ ನಗು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಮತ್ತೆ ಬೇರೆ ತಂದ. ಮಾರಿದ ಬಾಟಲಿಗಳಲ್ಲಿ ಒಂದೂ ಮನೆಗೆ ಮರಳಲಿಲ್ಲ. ಮೊದಲ ಮಳೆಗೇ ಓಣಿಯ ಗಟಾರ ಕಟ್ಟಿಕೊಂಡು ಹೊಲಸು ನೀರು ಹೊಸ್ತಿಲಿಗೆ ಬಂತು. ಅತ್ತಿ ಸೀರೆ ಎತ್ತಿ ಕಟ್ಟಿ ಗಟಾರಕ್ಕಿಳಿದು, ತನ್ನ ಹೆಸರಿದ್ದ ಬಾಟಲಿಗಳನ್ನು ಒಂದೊಂದಾಗಿ ಎತ್ತಿ ಸೆರಗಿನಿಂದ ಒರೆಸತೊಡಗಿದಳು. ಅಕ್ಕಪಕ್ಕದವರು ಮೂಗು ಮುಚ್ಚಿಕೊಂಡು ನೋಡುತ್ತ ನಿಂತರು. ಎಸೆದವರೂ ಅವರೇ.

"ವಸಂತಾ, ನನ್ನ ಹೆಸರು ಗಟಾರದಾಗ ಬಿದ್ದದ," ಎಂದಳು ಅಪ್ಪನಿಗೆ. "ಇದನ್ನ ನಿಲ್ಲಸಪ್ಪಾ."

ಮರುವಾರ ಅಪ್ಪ ಚೀಟಿಯಿಂದ ಅವಳ ಹೆಸರನ್ನು ತೆಗೆಸಿದ. ಬಾಟಲಿ ಅದೇ ಉಳಿಯಿತು.

ಅತ್ತಿ ಮತ್ತೆ ಶರಬತ್ತಿಗೆ ಕೈ ಹಾಕಲಿಲ್ಲ. ಅವಳು ಹೋಗಿ ವರ್ಷಗಳಾದವು. ಆ ಮನೆಯಿಲ್ಲ, ಅಪ್ಪನಿಲ್ಲ, ಜಗಳ ತೆಗೆಯಲು ಯಾರೂ ಉಳಿದಿಲ್ಲ. ಅವಳ ಕೈಗೆ ಸಿಗದೆ ಹೋದ ಬಾಟಲಿಗಳು ಮಾತ್ರ ಎಲ್ಲೋ ಮಣ್ಣಿನಡಿ ಇನ್ನೂ ಕೊಳೆಯದೆ ಬಿದ್ದಿವೆ.